ಜೋಳದ ಕಾಳಿನಷ್ಟು ಮುಲಾಮು

ಐವತ್ತು ದಾಟಿದ ಗಂಡಸಿನ ಮುಖದ ಮೇಲೆ ಮೊಡವೆ ಎದ್ದರೆ ಜನ ಅದನ್ನು ರೋಗವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಗುತ್ತಾರೆ. ಹರೆಯದ ಹುಡುಗಿಗೆ ಬಂದರೆ ‘ಪಾಪ’ ಅನ್ನುವವರು ನನಗೆ ಬಂದಾಗ ‘ಏನ್ರಿ, ಈಗ ಹರೇ ಬಂತೇನು?’ ಅಂದರು. ಮೊದಲು ಹಾಗಂದವನು ಸಿಂಧನೂರಿನ ಸಂತೆಯಲ್ಲಿ ಬಹಳ ವರ್ಷಗಳಿಂದ ನನ್ನ ಮೂಲಕ ಕುರಿ ಕೊಳ್ಳುವ ಮಟನ್ ಅಂಗಡಿಯ ಗೆಳೆಯ. ಅವನದು ಮನೆಯಲ್ಲಿ ದಖ್ಖನಿ ಉರ್ದು, ಸಂತೆಯಲ್ಲಿ ಕನ್ನಡ, ತಮಾಷೆಗೆ ಎರಡೂ. ‘ಅರೆ ಭಾಯ್, ನಿಮ್ಮ ಮನ್ಯಾಗ ಹೇಳ್ರಿ, ಇನ್ನೊಂದು ನಿಕಾ ಮಾಡಸ್ತಾರ’ ಎಂದು ನಾಲ್ಕು ಜನರ ಎದುರಿಗೆ ನನ್ನ ಮೂಗಿನ ಪಕ್ಕದ ಗುಳ್ಳೆಗೆ ಬೆರಳು ಮಾಡಿ ತೋರಿಸಿದ. ನಾನೂ ನಕ್ಕೆ. ನಗದಿದ್ದರೆ ಇನ್ನೂ ನಗುತ್ತಾರೆ.

ನಾನು ಕುರಿ ದಲಾಲಿ ಮಾಡುವವನು. ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ವ್ಯಾಪಾರ ಕುದುರಿಸುವುದು ನನ್ನ ಕೆಲಸ. ಅಪ್ಪ ಬೇರೆಯವರ ಕುರಿ ಕಾಯುತ್ತಿದ್ದ. ನಾನು ಸಂತೆಗೆ ಬಂದದ್ದು ಆ ಕುರಿಗಳ ಹಿಂದೆ, ಬರಿಗಾಲಲ್ಲಿ. ಈಗ ಸಿಂಧನೂರು, ಮಸ್ಕಿ, ಲಿಂಗಸುಗೂರು ಎಲ್ಲಿ ಹೋದರೂ ನನ್ನನ್ನು ಕಂಡು ಸರಿದು ಜಾಗ ಕೊಡುತ್ತಾರೆ. ಕುರಿಯ ದರವನ್ನು ನಾವು ಬಾಯಲ್ಲಿ ಹೇಳುವುದಿಲ್ಲ. ಹೆಗಲ ಮೇಲಿನ ಟವಲನ್ನು ಇಬ್ಬರ ಕೈ ಮೇಲೆ ಹಾಸಿ, ಅದರ ಕೆಳಗೆ ಬೆರಳು ಹಿಡಿದು ತಿಳಿಸುತ್ತೇವೆ. ಒಂದು ಬೆರಳು ಹಿಡಿದರೆ ಒಂದು, ಇಡೀ ಕೈ ಹಿಡಿದರೆ ಐದು. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಕೈ ಮುಚ್ಚಿದ ಮೇಲೆ ನೋಡಲು ಉಳಿಯುವುದು ಮುಖ ಒಂದೇ. ಹಾಗಾಗಿ ದಲಾಲಿ ಮಾಡುವವನ ಮುಖ ಗೋಡೆಯ ಹಾಗಿರಬೇಕು.

ನನ್ನದು ಹಾಗಿಲ್ಲ. ಹುಟ್ಟಿನಿಂದಲೇ ತೆಳು ಚರ್ಮ. ಬಿಸಿಲು, ಖಾರ, ಹೊಸ ಸಾಬೂನು, ಸಿಟ್ಟು, ಹೆದರಿಕೆ, ಯಾವುದು ತಾಗಿದರೂ ಕೆನ್ನೆ ಕೆಂಪಾಗುತ್ತದೆ. ಹಳೆಯ ವ್ಯಾಪಾರಿಗಳು ಇದನ್ನು ಓದಲು ಕಲಿತಿದ್ದರು. ಟವಲಿನ ಕೆಳಗೆ ನಾನು ಇನ್ನು ಇಳಿಯಲಾರೆ ಎನ್ನುವ ಮಟ್ಟಕ್ಕೆ ಬಂದಾಗ ಕೆನ್ನೆ ಹತ್ತಿಕೊಳ್ಳುತ್ತದೆ ಎಂದು ಅವರಿಗೆ ಗೊತ್ತು. ಅಲ್ಲಿಯವರೆಗೂ ಜಗ್ಗುತ್ತಾರೆ. ಅದಕ್ಕೇ ನಾನು ಯಾವಾಗಲೂ ಸೂರ್ಯನಿಗೆ ಬೆನ್ನು ಹಾಕಿ ನಿಲ್ಲುತ್ತೇನೆ. ವ್ಯಾಪಾರ ಕಲಿಯಲು ಬಂದವರಿಗೆ ನಾನು ಕೊಡುವ ಮೊದಲ ಸಲಹೆಯೂ ಅದೇ: ನೆರಳು ನಿನ್ನ ಮುಖದ ಮೇಲಿರಲಿ, ಬಿಸಿಲು ಅವನ ಕಣ್ಣಿಗೆ ಬೀಳಲಿ.

ಅಂಥ ಮುಖಕ್ಕೆ ಮೊಡವೆ. ಯಾವಾಗಲೂ ಅಲ್ಲ. ಆಗಾಗ ಎರಡೋ ಮೂರೋ, ಮೂಗಿನ ಪಕ್ಕ, ಗದ್ದದ ಕೆಳಗೆ. ಬರುತ್ತವೆ, ಒಂದಷ್ಟು ದಿನ ಇದ್ದು ಹೋಗುತ್ತವೆ. ಸುಮ್ಮನೆ ಬಿಟ್ಟಿದ್ದರೂ ಹೋಗುತ್ತಿದ್ದವೇನೋ. ಆದರೆ ನಾನು ಯಾವುದನ್ನೂ ಸುಮ್ಮನೆ ಬಿಟ್ಟವನಲ್ಲ. ನಿಂಬೆಹಣ್ಣು ತಿಕ್ಕಿದೆ, ಉರಿಯಿತು. ಹಲ್ಲುಜ್ಜುವ ಪೇಸ್ಟ್ ಹಚ್ಚಿದೆ, ಸಿಪ್ಪೆ ಎದ್ದಿತು. ಕಟಿಂಗ್ ಅಂಗಡಿಯವನು ಪಟಿಕ ಉಜ್ಜಿದ, ಗಲ್ಲ ಬಿರಿಯಿತು. ಔಷಧಿ ಅಂಗಡಿಯಲ್ಲಿ ‘ಜಲ್ದಿ ಕಡಿಮಿ ಆಗೂದು ಕೊಡ್ರಿ’ ಎಂದು ಚೌಕಾಶಿ ಮಾಡಿ ತಂದ ಒಂದು ಕ್ರೀಮು ಎರಡೇ ದಿನದಲ್ಲಿ ಮುಖವನ್ನು ಕನ್ನಡಿ ಮಾಡಿತು, ಬಿಟ್ಟ ಕೂಡಲೇ ಮೊದಲಿಗಿಂತ ಹೆಚ್ಚು ಎದ್ದವು. ಗೊರೇಬಾಳದ ಭತ್ತ ಬೆಳೆಯುವವರಿಗೆ ಯಾವ ಆಸ್ಪತ್ರೆಗೆ ಹೋಗಬೇಕು, ಸಂತೆಕಲ್ಲೂರಿನವರಿಗೆ ಯಾವ ಬಸ್ಸು ಹಿಡಿಯಬೇಕು ಎಂದು ಕೇಳದಿದ್ದರೂ ಹೇಳುವವನು ನಾನು. ನನ್ನ ಮುಖದ ಬಗ್ಗೆ ಒಬ್ಬರನ್ನು ಕೇಳೋಣವೆಂದರೆ ಬಾಯಿ ಬರುತ್ತಿರಲಿಲ್ಲ.

ಕಳೆದ ವರ್ಷ ಬಕ್ರೀದಿನ ವ್ಯಾಪಾರ ಮುಗಿದು ಕಾರ ಹುಣ್ಣಿಮೆ ಹತ್ತಿರ ಬಂದಾಗ ಮೂರು ಗುಳ್ಳೆ ಒಟ್ಟಿಗೆ ಎದ್ದವು. ಅದೇ ಹೊತ್ತಿಗೆ ಮಸ್ಕಿಯಿಂದ ತಂಗಿ ಫೋನು ಮಾಡಿದಳು. ತಂಗಿಯ ಗಂಡ ತೀರಿಕೊಂಡು ಬಹಳ ವರ್ಷವಾಗಿದೆ. ಒಬ್ಬಳೇ ಮಗಳು, ಲಿಂಗಸುಗೂರಿನ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಕೊನೆಯ ವರ್ಷ ಓದುತ್ತಿದ್ದಳು. ತಂಗಿಯ ಮಗಳನ್ನೂ ನಮ್ಮಲ್ಲಿ ಸೊಸೆ ಎಂದೇ ಕರೆಯುತ್ತೇವೆ. ಅವಳಿಗೆ ಲಿಂಗಸುಗೂರಿನ ಒಂದು ಮನೆತನದ ಸಂಬಂಧ ಕೂಡಿಬಂದಿತ್ತು. ಹುಡುಗ ಗೊಬ್ಬರ, ಬೀಜದ ಅಂಗಡಿ ಇಟ್ಟವನು, ಒಳ್ಳೆಯವನು. ಹುಣ್ಣಿಮೆ ಕಳೆದ ಮೇಲೆ ಮಾತುಕತೆ. ತಂದೆಯಿಲ್ಲದ ಹುಡುಗಿಯ ಪರವಾಗಿ ಸೋದರಮಾವನೇ ಮಾತಾಡಬೇಕು.

ತಂಗಿ ಫೋನಿಟ್ಟ ಮೇಲೆ ಸೊಸೆಯೇ ಬೇರೆಯಾಗಿ ಫೋನು ಮಾಡಿದಳು. ‘ಮಾಮಾ, ಹುಡುಗ ನನಗ ಒಪ್ಪಿಗಿ ಅದಾನ. ಅದರ ಬಗ್ಗೆ ಮಾತಿಲ್ಲ. ಆದ್ರ ಲಗ್ನ ದೀಪಾವಳಿ ದಾಟಿದ ಮ್ಯಾಲ ಇರ್ಲಿ. ಗಣಪತಿ ಹಬ್ಬದ ಹೊತ್ತಿಗೆ ನನ್ನ ಪರೀಕ್ಷಾ. ಅವ್ರು ಶ್ರಾವಣದಾಗ ಮುಗಸೂಣು ಅನ್ನಾಕತ್ತಾರಂತ. ಶ್ರಾವಣದಾಗ ಲಗ್ನ ಆದ್ರ ನಾ ತಿರುಗಿ ಹಾಸ್ಟೆಲಿಗೆ ಬರೂದಿಲ್ಲ, ನನಗ ಗೊತ್ತೈತಿ.’

‘ಬರಾಕ ಬಿಡ್ತಾರಂತ ಹೇಳ್ಯಾರಲ್ಲವಾ.’

‘ಹೇಳ್ತಾರ ಮಾಮಾ. ನನ್ನ ಗೆಳತಿಗೂ ಹಿಂಗ ಹೇಳಿದ್ರು. ಕುರಿ ಮಾರೂವಾಗ ಹೆಂಗ ಜಗ್ತೀರಿ, ನನ್ನ ಸಲುವಾಗಿ ಒಂದು ಸಲ ಹಂಗ ಜಗ್ರಿ.’

ಆಯಿತು ಎಂದೆ. ಆಮೇಲೆ ಕನ್ನಡಿ ನೋಡಿಕೊಂಡೆ. ಬೀಗರ ಮುಂದೆ ಈ ಮುಖ ತೆಗೆದುಕೊಂಡು ಹೋಗಿ ಕೂರಬೇಕು. ಇದು ಮನೆತನದಲ್ಲಿ ಬಂದ ಚರ್ಮದ ಕಾಯಿಲೆ ಎಂದು ಯಾರಾದರೂ ಅಂದರೆ? ಆಗ ಜಗ್ಗುವುದು ಹೇಗೆ, ಅವರು ಹೇಳಿದ್ದಕ್ಕೆ ತಲೆಯಾಡಿಸಬೇಕಾಗುತ್ತದೆ. ಡಾಕ್ಟರಿಗೆ ತೋರಿಸಲೇಬೇಕು ಎಂದು ನಿಶ್ಚಯಿಸಿದೆ. ಸಿಂಧನೂರಿನಲ್ಲಾದರೆ ಹೆಜ್ಜೆಗೊಬ್ಬ ಗುರುತಿನವರು ಸಿಗುತ್ತಾರೆ, ಲಿಂಗಸುಗೂರಿನಲ್ಲಿ ಸಂತೆಯ ಆಚೆ ನನ್ನನ್ನು ಬಲ್ಲವರು ಕಡಿಮೆ, ಆದ್ದರಿಂದ ಅಲ್ಲಿಯ ಬಸ್ಸು ಹತ್ತಿದೆ.

ಚರ್ಮದ ಡಾಕ್ಟರು ಹೆಣ್ಣುಮಗಳು. ಹೊರಗಿನ ಬೆಂಚಿನ ತುಂಬ ಕಾಲೇಜು ಹುಡುಗಿಯರು, ನಡುವೆ ನಾನೊಬ್ಬ ಮೀಸೆಯವನು. ಚೀಟಿ ಬರೆಯುವವಳು ‘ಪೇಷಂಟ್ ಎಲ್ಲಿ ಅದಾರ್ರಿ?’ ಎಂದು ಕೇಳಿದಾಗ ನನ್ನ ಬಾಯಿಂದ ತಾನಾಗಿಯೇ ಬಂತು: ‘ಬಂದಿಲ್ರಿ. ನಮ್ಮ ಸೊಸಿಗೆ ತೋರಸೂದೈತಿ. ನಾ ಹೇಳ್ತೀನಿ, ಔಷಧ ಬರಕೊಟ್ರ ಸಾಕು.’ ಒಳಗೆ ಹೋಗಿ ಡಾಕ್ಟರ ಮುಂದೆಯೂ ಅದನ್ನೇ ಹೇಳಿದೆ. ಸೊಸೆಗೆ ಮೂಗಿನ ಪಕ್ಕ ಒಂದು, ಗದ್ದದ ಕೆಳಗೆ ಎರಡು, ಚರ್ಮ ತೆಳು, ಏನು ಹಚ್ಚಿದರೂ ಉರಿ. ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

‘ನಿಮ್ಮ ಸೊಸಿ ಮಾರಿ ನಿಮ್ಮ ಮಾರಿ ಹಂಗ ಐತೇನ್ರಿ?’

ಅರ್ಧ ತೆರೆದ ಬಾಗಿಲಾಚೆ ಯಾರೋ ಹುಡುಗಿ ಕಿಸಕ್ಕೆಂದಳು. ಡಾಕ್ಟರು ಎದ್ದು ಬಾಗಿಲು ಹಾಕಿ ಬಂದರು. ಆ ಒಂದು ಉಪಕಾರಕ್ಕೆ ಅವರನ್ನು ಇವತ್ತಿಗೂ ನೆನೆಯುತ್ತೇನೆ. ದೀಪ ಹಿಡಿದು ನೋಡಿ, ಏನೇನು ಹಚ್ಚಿದ್ದೆ ಎಂದು ಕೇಳಿಕೊಂಡು ಹೇಳಿದರು: ‘ದೊಡ್ಡದೇನಲ್ಲ. ಉಗುರು ಬೆಚ್ಚನ್ ನೀರು, ವಾಸನಿ ಇಲ್ಲದ ಸಾಬೂನು, ದಿನಕ್ಕ ಎರಡು ಸಲ ಸಾಕು. ತಿಕ್ಕಬ್ಯಾಡ್ರಿ, ಚಿವುಟಬ್ಯಾಡ್ರಿ. ಅಂಗಡಿಯವ್ರು ಕೊಟ್ಟಿದ್ದ ಆ ಕ್ರೀಮು ಮತ್ತ ಮುಟ್ಟಬ್ಯಾಡ್ರಿ. ಈ ಮುಲಾಮು ಗುಳ್ಳಿ ಮ್ಯಾಲ ಅಷ್ಟ, ಜ್ವಾಳದ ಕಾಳಿನಷ್ಟು. ಮೊದಲು ಕಿವಿ ಹಿಂದ ಹಚ್ಚಿ ಎರಡು ದಿನ ನೋಡ್ರಿ, ನಿಮ್ಮ ಚರ್ಮ ತಡಿತೈತೋ ಇಲ್ಲೋ. ಬಣ್ಣದ ಬಟ್ಟಿಗೆ ತಾಗಸಬ್ಯಾಡ್ರಿ, ಬಣ್ಣ ತಿಂತೈತಿ.’

ಅಷ್ಟರಲ್ಲಿ ನಾನು ಬೆವರು ಒರೆಸಿಕೊಂಡೆ. ಅವರ ಕಣ್ಣು ನನ್ನ ಕೆಂಪು ಟವಲಿನ ಮೇಲೆ ನಿಂತಿತು.

‘ಇದನ್ನ ಏನೇನಕ್ಕ ಬಳಸ್ತೀರಿ?’

ಹೇಳಿದೆ. ಬೆವರಿಗೆ, ಧೂಳಿಗೆ, ಕುರಿಯ ಬಾಯಿ ಬಿಡಿಸಿ ಹಲ್ಲು ನೋಡಿದ ಮೇಲೆ ಕೈ ಒರೆಸಲು, ಮತ್ತೆ ವ್ಯಾಪಾರಕ್ಕೆ. ವ್ಯಾಪಾರ ಎಂದರೇನು ಎಂದು ಕೇಳಿದರು. ಅದನ್ನೂ ಹೇಳಿದೆ. ಬಕ್ರೀದಿನ ಹೊತ್ತಿಗೆ ಈ ಟವಲಿನ ಕೆಳಗೆ ಕೈ ಹಾಕದವರು ಸುತ್ತಿನ ಊರಲ್ಲಿ ಯಾರೂ ಇರುವುದಿಲ್ಲ ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ.

‘ಅಲ್ರಿ, ಸಂತಿ ಮಂದಿ ಕೈಯೆಲ್ಲಾ ತಂದು ಮಾರಿಗೆ ಒರಸ್ಕೊಂಡು, ಗುಳ್ಳಿ ಯಾಕ ಬಂದಾವಂತ ಕೇಳ್ತೀರಲ್ಲ’ ಅಂದರು.

ಅವರ ಮಾತು ನಾನು ಆಗ ಪೂರ್ತಿ ನಂಬಲಿಲ್ಲ. ಟವಲು ನನ್ನ ಕಸುಬು. ಅದರಿಂದ ಅನ್ನ ಬಂದಿದೆ, ಗುಳ್ಳೆ ಹೇಗೆ ಬರುತ್ತದೆ? ಮುಲಾಮನ್ನು ಮಾತ್ರ ಜೋಪಾನವಾಗಿ ತಂದು ಗೂಡಿನಲ್ಲಿಟ್ಟೆ. ಅಲ್ಲಿಂದ ಒಂದರ ಹಿಂದೆ ಒಂದು ಸಂತೆ. ಕಿವಿಯ ಹಿಂದೆ ಹಚ್ಚುವುದೂ ಆಗಲಿಲ್ಲ, ಗುಳ್ಳೆಗೆ ಹಚ್ಚುವುದೂ ಆಗಲಿಲ್ಲ. ಮಾತುಕತೆಯ ಹಿಂದಿನ ದಿನ ಮಧ್ಯಾಹ್ನ ಉಂಡು ಕೂತಾಗ ನೆನಪಾಯಿತು. ಮೂರು ಗುಳ್ಳೆಗಳೂ ಇದ್ದಲ್ಲೇ ಇದ್ದವು.

ಆಗ ನಾನು ಯೋಚಿಸಿದ್ದು ಪಕ್ಕಾ ವ್ಯಾಪಾರಿಯ ಹಾಗೆ. ಜೋಳದ ಕಾಳಿನಷ್ಟು ಹಚ್ಚಿದರೆ ವಾರ ಹಿಡಿಯುತ್ತದೆ. ಒಂದೊಂದೇ ಕುರಿ ಮಾರಿದರೂ ವಾರ ಹಿಡಿಯುತ್ತದೆ, ಹಿಂಡೇ ಮಾರಿದರೆ ಒಂದೇ ದಿನದ ಕೆಲಸ. ಮುಲಾಮಿಗೂ ಅದೇ ನ್ಯಾಯ ಎಂದು ತೀರ್ಮಾನಿಸಿ ಅರ್ಧ ಟ್ಯೂಬು ಹಿಂಡಿ, ಹಣೆಯಿಂದ ಗದ್ದದವರೆಗೆ ಗೋಡೆಗೆ ಸುಣ್ಣ ಬಳಿದ ಹಾಗೆ ಬಳಿದೆ. ಟವಲನ್ನು ಮಡಚಿ ಕೆನ್ನೆಯ ಕೆಳಗಿಟ್ಟುಕೊಂಡು ಮಲಗಿದೆ. ಎದ್ದಾಗ ಮುಖ ಒಲೆಯ ಹತ್ತಿರ ಹಿಡಿದ ಹಾಗೆ ಉರಿಯುತ್ತಿತ್ತು. ತೊಳೆದೆ, ಉರಿ ಹೆಚ್ಚಾಯಿತು. ಮರುದಿನ ಬೆಳಿಗ್ಗೆ ಕಣ್ಣಿನ ಕೆಳಗೆ ಬಾತು, ಇಡೀ ಮುಖ ಒಣಮೆಣಸಿನಕಾಯಿ ಬಣ್ಣಕ್ಕೆ ತಿರುಗಿತ್ತು. ಮೂರು ಗುಳ್ಳೆ ಮುಚ್ಚಲು ಹೋಗಿ ಮುಖವನ್ನೇ ಮುಚ್ಚಬೇಕಾಯಿತು. ಟವಲನ್ನು ತಲೆಯಿಂದ ಗದ್ದದವರೆಗೆ ಸುತ್ತಿಕೊಂಡು ಮಸ್ಕಿಗೆ ಹೋದೆ.

ಹಿತ್ತಲಿಗೆ ಹೋಗಿ ಮುಖ ತೊಳೆದು, ಮತ್ತೆ ಟವಲು ಸುತ್ತಿಕೊಂಡು ಬರುವಷ್ಟರಲ್ಲಿ ತಂಗಿಯ ಪಡಸಾಲೆಯಲ್ಲಿ ಬೀಗರು ಕೂತಿದ್ದರು. ಮಾತಾಡಲು ಬಂದವರು ಹುಡುಗನ ದೊಡ್ಡಪ್ಪ, ಎತ್ತಿನ ವ್ಯಾಪಾರಿ. ಪಕ್ಕದಲ್ಲಿ ಹುಡುಗನ ಅಜ್ಜಿ, ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡು ಎಲ್ಲವನ್ನೂ ನೋಡುವವಳು.

‘ಯಾಕ್ರಿ ಬೀಗರ, ಮಾರಿ ಮುಚ್ಕೊಂಡೀರಿ?’ ಎಂದರು ದೊಡ್ಡಪ್ಪ.

‘ಹಲ್ಲು ಬ್ಯಾನಿರಿ.’

‘ಹಲ್ಲು ಬ್ಯಾನಿಗೆ ಒಂದ್ ಕಡಿ ಕಟ್ಕೋತಾರ’ ಎಂದಳು ಅಜ್ಜಿ. ‘ನೀವು ನೋಡಿದ್ರ ಹೊಸಾ ಸೊಸಿ ಸೆರಗು ಹೊತ್ತಂಗ ಹೊತ್ತೀರಿ.’

ಎಲ್ಲರೂ ನಕ್ಕರು. ಟವಲಿನ ಒಳಗೆ ನನ್ನ ಮುಖ ಬೇಯುತ್ತಿತ್ತು. ಕೊಡುವುದು ತೆಗೆದುಕೊಳ್ಳುವುದರ ಮಾತು ಬೇಗ ಮುಗಿಯಿತು, ಅದರಲ್ಲಿ ಅವರು ಜಿಗುಟರಲ್ಲ. ಉಳಿದದ್ದು ತಿಂಗಳು. ‘ಶ್ರಾವಣದಾಗ ಮಾಡಿಬಿಡೂಣು’ ಎಂದರು ದೊಡ್ಡಪ್ಪ. ನಾನು ದೀಪಾವಳಿ ದಾಟಲಿ ಎಂದೆ. ಅವರು ಮಳೆ, ಬಿತ್ತನೆ, ಅಂಗಡಿಯ ಸೀಸನ್ ಎಂದು ಒಂದೊಂದೇ ತೆಗೆದರು. ನಾನು ಎಂದಿನ ಹಾಗೆ ಎದುರು ಹೇಳಬೇಕಿತ್ತು. ಟವಲು ಎಲ್ಲಿ ಜಾರುತ್ತದೋ ಎಂದು ಹಿಡಿದುಕೊಂಡು ಕೂತವನು ಬರೀ ಹೂಂಗುಟ್ಟಿದೆ.

ಆಗ ದೊಡ್ಡಪ್ಪ ನಗುತ್ತ ತೋಳು ಮೇಲೇರಿಸಿದರು. ‘ನೀವೂ ಯಾಪಾರಸ್ತರು, ನಾನೂ ಯಾಪಾರಸ್ತ. ಇಷ್ಟು ಮಾತು ಯಾಕ? ಕೈ ಹಿಡೂಣು ಬರ್ರಿ. ಒಂದು ಬೆರಳಿಗೆ ಒಂದು ತಿಂಗಳು. ಹಾಸ್ರಿ ನಿಮ್ಮ ಟವಲು.’

ಕುರಿ ಮಾರುವಾಗ ಜಗ್ಗಿದ ಹಾಗೆ ಜಗ್ಗಿರಿ ಎಂದು ಸೊಸೆ ಕೇಳಿದ್ದಳು. ಬೀಗರೇ ಅದಕ್ಕೆ ಕೈ ಚಾಚಿದ್ದಾರೆ. ನಾನು ಮಾಡಬೇಕಾದದ್ದು ಟವಲು ತೆಗೆಯುವುದಷ್ಟೇ. ತೆಗೆಯಲಾಗಲಿಲ್ಲ. ಆ ಮುಖವನ್ನು ಅಷ್ಟು ಜನರ ಮುಂದೆ ಇಡುವುದಕ್ಕಿಂತ ಬೇರೆ ಏನು ಬೇಕಾದರೂ ಆಗಲಿ ಅನ್ನಿಸಿತು.

‘ಕೈ ಯಾಕ್ರಿ’ ಎಂದೆ. ‘ಶ್ರಾವಣ ಅಂದ್ರೂ ನಡೀತೈತಿ ಬಿಡ್ರಿ. ನೋಡೂಣು.’

ಅಡುಗೆಮನೆಯಲ್ಲಿ ಲೋಟ ಜೋಡಿಸುವ ಸದ್ದು ನಿಂತಿತು.

ಪರದೆ ಸರಿಸಿ ಸೊಸೆ ಹೊರಗೆ ಬಂದಳು. ಕೈಯಲ್ಲಿ ಚಹಾದ ತಟ್ಟೆ ಇರಲಿಲ್ಲ, ಒಂದು ಬಟ್ಟಲು ತಣ್ಣೀರು, ತೊಳೆದ ಬಿಳಿ ಬಟ್ಟೆ. ಬೀಗರ ಕಡೆ ನೋಡದೆ ನೇರ ನನ್ನ ಮುಂದೆ ಕೂತಳು.

‘ಮಾಮಾ, ಟವಲು ತಗೀರಿ. ಬಿಗದಷ್ಟೂ ಉರಿ ಏರ್ತೈತಿ.’

ಬೆಳಿಗ್ಗೆ ಬಂದಾಗಲೇ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದ ನನ್ನನ್ನು ಅವಳು ನೋಡಿದ್ದಳು, ಎಲ್ಲ ಕೇಳಿ ತಿಳಿದಿದ್ದಳು. ನಾನು ಅಲುಗಲಿಲ್ಲ. ಅವಳೇ ಗಂಟು ಬಿಚ್ಚಿದಳು. ಒದ್ದೆ ಬಟ್ಟೆಯನ್ನು ಕೆನ್ನೆಗೆ ತಿಕ್ಕದೆ ಒತ್ತಿ ಹಿಡಿದಳು. ಕಣ್ಣಲ್ಲಿ ನೀರು ಬಂತು, ಉರಿಗೋ ಬೇರೆ ಯಾವುದಕ್ಕೋ.

‘ಅಯ್ಯ ಶಿವನ, ಇದೇನಿದು? ಮನೆತನದಾಗ ಐತೇನ?’ ಎಂದಳು ಅಜ್ಜಿ.

‘ಇಲ್ಲಬೇ ಅಮ್ಮಾ’ ಎಂದಳು ಸೊಸೆ ಅವಸರವಿಲ್ಲದೆ. ‘ಎರಡು ಮೂರು ಮೊಡವಿ ಎದ್ದಿದ್ವು. ಡಾಕ್ಟರು ಜ್ವಾಳದ ಕಾಳಿನಷ್ಟು ಹಚ್ಚಂದ್ರ ನಮ್ಮ ಮಾಮಾ ಚೀಲಗಟ್ಲೆ ಹಚ್ಯಾರ. ನಾಕು ದಿನಕ್ಕ ಇಳೀತೈತಿ.’

ಅಜ್ಜಿ ಬಗ್ಗಿ ನನ್ನನ್ನು ನೋಡಿದಳು, ಆಮೇಲೆ ಸೊಸೆಯ ಕೈಯಿಂದ ಟವಲು ತೆಗೆದುಕೊಂಡು ಬಿಡಿಸಿದಳು. ಕೆಂಪು ಟವಲಿನ ನಡುವೆ ನನ್ನ ಕೆನ್ನೆ ಒತ್ತಿದ್ದ ಕಡೆಯೆಲ್ಲ ಬಣ್ಣ ಹೋಗಿ ಬಿಳುಚಿಕೊಂಡ ಮಚ್ಚೆಗಳು. ‘ಟವಲಿನ ಮಾರೀನೂ ಸುಟ್ಟೀರಲ್ರಿ ಬೀಗರ’ ಎಂದಳು. ಈ ಸಲ ದೊಡ್ಡಪ್ಪ ಹೊಟ್ಟೆ ಹಿಡಿದು ನಕ್ಕರು. ನಕ್ಕು ಮುಗಿಸಿ, ಆ ಟವಲನ್ನೇ ತೆಗೆದುಕೊಂಡು ನಮ್ಮಿಬ್ಬರ ಕೈ ಮೇಲೆ ಹಾಸಿದರು. ಶ್ರಾವಣಕ್ಕೆ ನಾನು ಒಪ್ಪಿದ್ದನ್ನು ಅವರು ಹಿಡಿದುಕೊಳ್ಳಲಿಲ್ಲ. ಅದು ಅವರ ದೊಡ್ಡತನ.

ಎರಡು ಬೆರಳು ಹಿಡಿದರು, ಎರಡು ತಿಂಗಳಿಗೆ ಶ್ರಾವಣ. ನಾನು ಇಡೀ ಕೈ ಹಿಡಿದೆ, ಕಾರ್ತಿಕ. ಅವರು ಮೂರಕ್ಕೆ ಬಂದರು, ಪಿತೃಪಕ್ಷ ಬರುತ್ತದೆಂದು ತಾವೇ ಬಿಟ್ಟರು. ನಾಲ್ಕು ಹಿಡಿದು ನನ್ನ ಮುಖ ನೋಡಿದರು. ‘ನಿಮ್ಮ ಕೆನ್ನಿ ಸುದ್ದಿ ಸಂತಿಯಾಗೆಲ್ಲ ಕೇಳೀನಿ. ಇವತ್ತು ಏನೂ ತಿಳೀವಲ್ದು ನೋಡ್ರಿ’ ಎಂದರು. ಎರಡರಲ್ಲೂ ಕೆಂಪಗಿದ್ದ ಮುಖ ನಾಲ್ಕರಲ್ಲೂ ಕೆಂಪಗೇ ಇತ್ತು. ನಾನು ಕೈ ಸಡಿಲಿಸಲಿಲ್ಲ. ಕೊನೆಗೆ ಅವರು ನನ್ನ ಇಡೀ ಕೈಯನ್ನು ಗಟ್ಟಿಯಾಗಿ ಅದುಮಿ ಟವಲು ತೆಗೆದರು. ತುಳಸಿ ಲಗ್ನ ಕಳೆದ ಮೇಲೆ ಎಂದು ನಿಶ್ಚಯವಾಯಿತು. ಮುಖಕ್ಕೆ ನೆರಳು ಹುಡುಕುತ್ತ ಇಷ್ಟು ವರ್ಷ ಕಳೆದವನು ನಾನು. ನನ್ನ ಅತಿ ಒಳ್ಳೆಯ ವ್ಯಾಪಾರ ಮುಖ ಬಿಚ್ಚಿಟ್ಟು ಆಯಿತು.

ಎಲ್ಲರೂ ನನ್ನನ್ನೇ ಹೊಗಳಿದರು. ತಂಗಿ ‘ನಮ್ಮಣ್ಣ ಜಗ್ಗಿದ್ರ ಜಗ್ಗಿದಂಗ’ ಎಂದು ಓಣಿಯಲ್ಲೆಲ್ಲ ಹೇಳಿದಳು. ಸೊಸೆ ಮಾತ್ರ ಹೊಗಳಲಿಲ್ಲ. ನಾನು ಹೊರಟಾಗ ಎರಡು ತೆಳು ಬಿಳಿ ಟವಲು ಮಡಚಿ ಚೀಲದಲ್ಲಿ ಹಾಕಿದಳು. ‘ಇವು ಮಾರಿಗಷ್ಟ ಮಾಮಾ. ದಿನಾ ಒಂದು ಒಗೀರಿ. ಕೆಂಪಂದು ಸಂತಿಗೆ ಇರ್ಲಿ’ ಎಂದಳು.

ಆಮೇಲೆ ಡಾಕ್ಟರು ಹೇಳಿದ ಹಾಗೆ ಮಾಡಿದೆ. ಉರಿ ಪೂರ್ತಿ ಇಳಿದ ಮೇಲೆ ಕಿವಿಯ ಹಿಂದೆ ಹಚ್ಚಿ ನೋಡಿ, ಆಮೇಲೆ ಗುಳ್ಳೆಗೆ. ಗುಳ್ಳೆ ಈಗಲೂ ಅಪರೂಪಕ್ಕೆ ಬರುತ್ತದೆ, ಬಂದ ಹಾಗೆ ಹೋಗುತ್ತದೆ. ನಿಮ್ಮ ಚರ್ಮವೂ ತೆಳುವಾಗಿದ್ದರೆ ನನ್ನ ಮಾತು ಕೇಳಿ: ಮುಖದ ಬಟ್ಟೆ ಮುಖಕ್ಕಷ್ಟೇ ಇಡಿ, ಸ್ವಲ್ಪ ಹಚ್ಚಿ, ಕಾಯಿರಿ. ಮಟನ್ ಅಂಗಡಿಯ ಗೆಳೆಯನಿಗೂ ಇದನ್ನೇ ಹೇಳಿದೆ. ಅವನು ‘ತುಮ್ ಡಾಕ್ಟರ್ ಕಬ್ ಬನೇ ಭಾಯ್, ಯಾವಾಗ ಡಾಕ್ಟರ್ ಆದ್ರಿ?’ ಎಂದು ಕೇಳಿ ಮತ್ತೆ ನಗಿಸಿದ.

ಗಣಪತಿ ಹಬ್ಬದ ಹೊತ್ತಿಗೆ ಲಿಂಗಸುಗೂರಿನ ಸಂತೆಗೆ ಹೋದವನು, ತಂಗಿ ಕೊಟ್ಟ ಕರ್ಚಿಕಾಯಿ ಡಬ್ಬಿ ಹಿಡಿದು ಹಾಸ್ಟೆಲಿನ ಗೇಟಿನ ಹತ್ತಿರ ನಿಂತೆ. ಸೊಸೆ ಪರೀಕ್ಷೆಯಿಂದ ಆಗ ತಾನೇ ಬಂದಿದ್ದಳು. ಚೆನ್ನಾಗಿ ಬರೆದೆ ಎಂದಳು. ಡಬ್ಬಿ ತೆಗೆದುಕೊಂಡು, ನನ್ನ ಗದ್ದದ ಮೇಲಿನ ಹೊಸ ಗುಳ್ಳೆ ನೋಡಿ ‘ಎಷ್ಟು ಹಚ್ಚೀರಿ?’ ಎಂದು ಕೇಳಿದಳು.

‘ಕಾಳಿನಷ್ಟ.’

ಅವಳು ನಕ್ಕಳು. ಹೋಗಲು ತಿರುಗಿದವಳು ಮತ್ತೆ ನಿಂತಳು. ‘ಮಾಮಾ, ಒಂದು ಕೇಳ್ಲೇನು? ಅವತ್ತು ಶ್ರಾವಣ ಅಂದ್ರಲ್ಲ, ಅದು ಯಾಪಾರದ ಮಾತಾಗಿತ್ತಾ? ಮೊದಲು ಇಳದು ಆಮ್ಯಾಲ ಜಗ್ಗೂದು, ಹಂಗ?’

ಹೌದು ಅಂದುಬಿಡಬಹುದಿತ್ತು. ಅವಳೇ ಬಾಗಿಲು ತೆರೆದು ಕೊಟ್ಟಿದ್ದಳು. ಬಾಯಿ ತೆರೆಯುವ ಮೊದಲೇ ಕೆನ್ನೆ ಹತ್ತಿಕೊಂಡಿತು, ಕಿವಿಯ ತುದಿಯವರೆಗೆ. ಮಧ್ಯಾಹ್ನದ ಬಿಸಿಲು ನೇರ ನನ್ನ ಮುಖದ ಮೇಲಿತ್ತು. ಅವಳು ಆ ಕೆಂಪನ್ನು ನೋಡಿದಳು, ಆಮೇಲೆ ತಲೆ ತಗ್ಗಿಸಿ ಡಬ್ಬಿಯ ಮುಚ್ಚಳ ಸರಿಮಾಡಿದಳು.

‘ಬಿಸಿಲಾಗ ನಿಂದ್ರಬ್ಯಾಡ್ರಿ ಮಾಮಾ’ ಎಂದಳು. ‘ನಿಮ್ಮ ಚರ್ಮ ತಡಿಯಂಗಿಲ್ಲ.’

ಅವಳು ಒಳಗೆ ಹೋಗುವವರೆಗೂ ನಾನು ಅಲ್ಲೇ ನಿಂತಿದ್ದೆ. ಬೆವರು ಇಳಿಯುತ್ತಿತ್ತು. ಕೈ ಹೆಗಲ ಮೇಲಿನ ಕೆಂಪು ಟವಲಿಗೆ ಹೋಯಿತು, ಅದನ್ನು ಬಿಟ್ಟು ಜೇಬಿನಲ್ಲಿದ್ದ ಬಿಳಿಯದನ್ನು ತೆಗೆದೆ.